ಏಳು ಗಂಟೆಯ ಧಾರಾವಾಹಿ ಮತ್ತು ಎರಡು ರೊಟ್ಟಿ

ಗಂಡನ ಬಾಯಿಗೆ ಇವತ್ತು ಬೀಗ ಹಾಕಲೇಬೇಕೆಂದು ಹನೀಫಾ ಬೆಳಗಿನ ಚಹಾಕ್ಕೆ ಮುಂಚೆಯೇ ತೀರ್ಮಾನಿಸಿದ್ದಳು.

"ಬೀಗರ ಎದುರಿಗೆ ಆ ಧಾರಾವಾಹಿ ಸುದ್ದಿ ಎತ್ತಿದ್ರೆ ನೋಡಿ ಮತ್ತೆ! ಹೋದ ಸಲ ಏನಾಯ್ತು, ನೆನಪಿದೆ ತಾನೆ?"

ನೋರ್ಕೋಬಿಲನಿಗೆ ನೆನಪಿಲ್ಲದೆ ಏನು? ಹೋದ ವರ್ಷ ಮಗಳು ಮುಕದ್ದಸಳನ್ನು ಕೇಳಲು ಬಂದವರ ಎದುರು, ಸಂಜೆ ಏಳರ ಟರ್ಕಿ ಧಾರಾವಾಹಿಯ ನಾಯಕ ಓರ್ಹಾನ್ ಬರೀ ಅಳುಬುರುಕ, ಖಳನಾಯಕ ನೆಜಾತನೇ ನಿಜವಾದ ಗಂಡಸು ಎಂದು ಅಪ್ಪಣೆ ಕೊಡಿಸಿದ್ದ. ಹುಡುಗನ ಅಜ್ಜಿ ಓರ್ಹಾನನ ಪರಮಭಕ್ತೆ. ತಂದಿದ್ದ ಎರಡು ರೊಟ್ಟಿಗಳನ್ನು ಮತ್ತೆ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಎದ್ದೇಹೋದಳು. ಗಂಡಿನವರು ತಂದ ರೊಟ್ಟಿಯನ್ನು ಎರಡೂ ಮನೆಯವರು ಕೂಡಿ ಮುರಿದರೆ ಸಂಬಂಧ ಕುದುರಿದಂತೆ. ಮುರಿಯದ ರೊಟ್ಟಿ ಹೊರಬಿದ್ದರೆ ಮರ್ಗಿಲಾನ್ ಊರಿನ ಬೀದಿಬೀದಿಗೂ ಗೊತ್ತಾಗುತ್ತದೆ. ಈ ಸಲದ ಹುಡುಗನನ್ನು ಮುಕದ್ದಸಳೇ ಮೆಚ್ಚಿದ್ದಳು. ಇದೂ ತಪ್ಪಿಹೋದರೆ ಅವಳ ಮುಖ ನೋಡುವ ಧೈರ್ಯ ನೋರ್ಕೋಬಿಲನಿಗೆ ಇರಲಿಲ್ಲ.

ಅವನು ತನ್ನ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯ ಸಬೋಹತ್ ಬಂದಳು.

"ಅಣ್ಣಾ, ಹುಡುಗನ ತಾಯಿ ಫೋನಿನಲ್ಲಿ ಓರ್ಹಾನನ ಫೋಟೋ ಇಟ್ಕೊಂಡಿದಾಳೆ. ಕಣ್ಣಾರೆ ನೋಡಿದೀನಿ. ಓರ್ಹಾನನ್ನ ಹೊಗಳಿಬಿಡಿ, ಮದುವೆ ಆಯ್ತು ಅಂತಲೇ ತಿಳ್ಕೊಳ್ಳಿ."

ಎದೆಯ ಮೇಲೆ ಕಲ್ಲು ಹೇರಿಕೊಂಡು ನೋರ್ಕೋಬಿಲ್ ಒಪ್ಪಿದ. ಮಧ್ಯಾಹ್ನ ಚಹಾದಂಗಡಿಯಲ್ಲಿ ಮುದುಕ ತುರ್ದಿಮತ್ ಇದನ್ನು ಕೇಳಿ ತಲೆ ಚಚ್ಚಿಕೊಂಡ.

"ಅಯ್ಯೋ ಮಂಕೇ! ಆ ಮನೇಲಿ ನಡೆಯೋದು ಹುಡುಗನ ಸೋದರತ್ತೆ ಮಾತು. ಆಯಮ್ಮ ನೆಜಾತನ ಕಡೆ. ಓರ್ಹಾನ್ ಅಂದ್ರೆ ಉರಿದು ಬೀಳ್ತಾಳೆ."

"ಹುಡುಗನ ತಂದೆ ಯಾರ ಕಡೆ ತಾತಾ?"

"ಅವನಾ? ತಾಷ್ಕೆಂಟಲ್ಲಿ ಏನೋ ಕೆಲಸವಂತೆ. ಊರಿಗೆ ಬಂದ್ರೂ ಬಾಯಿ ಬಿಡಲ್ಲ."

ಆಮೇಲೆ ನೋರ್ಕೋಬಿಲನ ತಲೆ ಗೊಂದಲದ ಗೂಡಾಯಿತು. ಒಬ್ಬಳ ಯಂತ್ರದ ಚಕ್ರವನ್ನು ಇನ್ನೊಬ್ಬಳ ಯಂತ್ರಕ್ಕೆ ಕೂಡಿಸಿದ. ಎಣ್ಣೆಯೆಂದು ಚಹಾ ಬಿಟ್ಟ. ಓರ್ಹಾನ್, ನೆಜಾತ್ ಎಂದು ಗೊಣಗುತ್ತ ಮನೆಗೆ ಬಂದ.

ನಾಲ್ಕು ಗಂಟೆಗೆ ಬೀಗರು ಬಂದರು. ತಾಯಿ, ಸೋದರತ್ತೆ, ಅವರ ಹಿಂದೆ ಮೇ ತಿಂಗಳ ಬಿಸಿಲಿನಲ್ಲೂ ಕೊರಳಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡಿದ್ದ ತಂದೆ. ಆತ ಎದೆಗೆ ಕೈಯಿಟ್ಟು ತಲೆ ಬಾಗಿಸಿದ, ಅಷ್ಟೆ.

"ಗಂಟಲು ಕೆಟ್ಟಿದೆ, ಮಾತಾಡಬೇಡಿ ಅಂದಿದಾರೆ ಡಾಕ್ಟರು" ಎಂದಳು ತಾಯಿ.

ಎರಡು ರೊಟ್ಟಿಗಳು ಊಟದ ಹಾಸಿನ ನಡುವೆ ಬಂದು ಕೂತವು. ಪಲಾವು ಬಂತು. ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ತಾಯಿಯೇ ಕೇಳಿದಳು: "ಅಂದಹಾಗೆ ಬೀಗರೇ, ನೀವು ಓರ್ಹಾನನ ಕಡೆಯೋ, ನೆಜಾತನ ಕಡೆಯೋ?"

ಹನೀಫಾ ಚಹಾವನ್ನು ಬಟ್ಟಲಿನ ಹೊರಗೆ ಸುರಿದಳು.

"ಓರ್ಹಾನ್... ಒಳ್ಳೆಯವನೇ" ಎಂದ ನೋರ್ಕೋಬಿಲ್. ಸೋದರತ್ತೆಯ ಹುಬ್ಬು ಮೇಲೇರಿತು. "ಹಾಗಂತ ನೆಜಾತನನ್ನ ಬಿಟ್ಟುಕೊಡೋಕಾಗುತ್ತಾ?" ತಾಯಿಯ ಕೈ ರೊಟ್ಟಿಯ ಬಟ್ಟೆಯತ್ತ ಸರಿಯಿತು. ನೋರ್ಕೋಬಿಲ್ ಬೆವೆತ. ಆ ಬೆವರಿನಲ್ಲೇ ಅವನಿಗೊಂದು ಉಪಾಯ ಹೊಳೆಯಿತು.

"ಇಬ್ಬರದ್ದೂ ತಪ್ಪಿಲ್ಲ ಕಣ್ರಮ್ಮ! ಎಲ್ಲಾ ಕೆಡಿಸಿರೋದು ಆ ಕಂಠದಾನದವನು. ಓರ್ಹಾನನಿಗೂ ಅವನೇ, ನೆಜಾತನಿಗೂ ಅವನೇ, ನಾಯಕಿ ನಿಲ್ಗುನಳಿಗೂ ಅವನೇ, ಹಲ್ಲಿಲ್ಲದ ಅಜ್ಜಿಗೂ ಅವನೇ! ನಿಲ್ಗುನ್ ಹೆರಿಗೆ ನೋವಿನಲ್ಲಿ ಕೂಗಿದ್ರೆ, ಸ್ಟೇಷನ್ನಿನಲ್ಲಿ ರೈಲು ಎರಡು ಗಂಟೆ ತಡ ಅಂತ ಹೇಳಿದ ಹಾಗಿರುತ್ತೆ!"

ಹೆಂಗಸರಿಬ್ಬರೂ ಒಟ್ಟಿಗೆ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದಾರೆಂದುಕೊಂಡು ನೋರ್ಕೋಬಿಲ್ ಇನ್ನಷ್ಟು ಉಬ್ಬಿದ.

"ನಾಯಿಗೂ ಅವನೇ ಬೊಗಳ್ತಾನೆ!"

ತಂದೆ ನಿಧಾನವಾಗಿ ಕೊರಳಿನ ಪಟ್ಟಿ ಬಿಚ್ಚಿದ.

"ನಾಯಿಗೆ ನಾನು ಬೊಗಳಿಲ್ಲ" ಎಂದ. "ಅದು ನಾಯಿಯದ್ದೇ ಸ್ವರ."

ಒಡೆದಿದ್ದರೂ ಅದೇ ಧ್ವನಿ. ಓರ್ಹಾನನದು, ನೆಜಾತನದು, ನಿಲ್ಗುನಳದು, ಅಜ್ಜಿಯದು. ಅಡುಗೆಮನೆಯ ಬಾಗಿಲ ಹಿಂದೆ ಮುಕದ್ದಸ್ ಬಿಕ್ಕಿದ್ದು ಕೇಳಿ, ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎಂದು ನೋರ್ಕೋಬಿಲನಿಗೆ ಎನ್ನಿಸಿತು.

ತಂದೆ ರೊಟ್ಟಿಯನ್ನು ಕೈಗೆತ್ತಿಕೊಂಡ. ಆದರೆ ಗಂಟು ಕಟ್ಟಲಿಲ್ಲ.

"ನನ್ನ ಮಗ ನಿಮ್ಮ ಮಗಳನ್ನೇ ಬಯಸಿದಾನೆ. ಮುರಿಯೋಣ. ಆದ್ರೆ ಮೊದಲು ಇದರ ಮೇಲೆ ಕೈಯಿಟ್ಟು ಆಣೆ ಮಾಡಿ. ಧಾರಾವಾಹಿ ಮುಗಿಯೋವರೆಗೂ ಅದರ ಬಗ್ಗೆ ನಿಮ್ಮ ಬಾಯಿಂದ ಒಂದಕ್ಷರ ಬರಬಾರದು."

ಇಷ್ಟೇನಾ! ನೋರ್ಕೋಬಿಲ್ ಎರಡೂ ಕೈಯಿಟ್ಟು ಆಣೆ ಮಾಡಿದ. ರೊಟ್ಟಿ ಮುರಿಯಿತು. ಹನೀಫಾ ಸಂತೋಷದಿಂದ ಅತ್ತೇಬಿಟ್ಟಳು.

ಹೊರಡುವಾಗ ತಂದೆ ಅವನನ್ನು ಅಪ್ಪಿಕೊಂಡು ಕಿವಿಯಲ್ಲಿ ಉಸುರಿದ. "ಕೊನೇ ಕಂತಿಗೂ ಕಂಠ ಕೊಟ್ಟು ಮುಗಿಸಿದೀನಿ ಬೀಗರೇ. ನಿಮ್ಮ ನೆಜಾತ್ ಇದಾನಲ್ಲ, ಓರ್ಹಾನನ ಕಾಲಿಗೆ ಬಿದ್ದು ಅಳ್ತಾನೆ. ಪೂರ್ತಿ ಒಂದು ಕಂತು ಅಳ್ತಾನೆ. ನನ್ನ ಗಂಟಲು ಕೆಟ್ಟಿದ್ದೇ ಅದರಿಂದ."

ಏಳು ಗಂಟೆಗೆ ಶುಭ ಹೇಳಲು ಬಂದ ನೆರೆಹೊರೆಯೆಲ್ಲ ನೋರ್ಕೋಬಿಲನ ಟೀವಿಯ ಮುಂದೆ ಕೂತಿತ್ತು. ತೆರೆಯ ಮೇಲೆ ಓರ್ಹಾನ್ ಅಳುತ್ತಿದ್ದ, ನೆಜಾತ್ ಮೀಸೆ ತಿರುವುತ್ತಿದ್ದ.

"ಏನಣ್ಣಾ, ಇವತ್ತು ಸುಮ್ಮನಿದೀರಿ? ಗೆಲ್ಲೋದು ನಿಮ್ಮ ನೆಜಾತೇ ತಾನೆ?" ಎಂದು ಕೆಣಕಿದಳು ಸಬೋಹತ್.

ನೋರ್ಕೋಬಿಲ್ ಮುರಿದ ರೊಟ್ಟಿಯ ದೊಡ್ಡ ಚೂರನ್ನು ಬಾಯಿಗೆ ತುರುಕಿಕೊಂಡ. ಇನ್ನೂ ತೊಂಬತ್ತಾರು ಕಂತು ಬಾಕಿ ಇತ್ತು.