ಏಳನೇ ಗೂಡಿನ ಅಜ್ಜ

ಬೆಳಿಗ್ಗೆ ದೀಪ ಹಾಕಿದಾಗ ಏಳನೇ ಗೂಡಿನ ಮುದಿ ಇಲಿ ನಾಲ್ಕೂ ಕಾಲು ಮೇಲೆ ಮಾಡಿಕೊಂಡು ಸತ್ತು ಬಿದ್ದಿತ್ತು. ಇಲಿಮಾವ ತಲೆ ಮೇಲೆ ಕೈ ಹೊತ್ತು ಕುಳಿತ. ಪ್ರಯೋಗಾಲಯದ ಇಲಿಗಳ ಹೊಟ್ಟೆ ಬಟ್ಟೆ ನೋಡಿಕೊಳ್ಳುವ ಅವನಿಗೆ ಎಲ್ಲರೂ ಇಟ್ಟ ಹೆಸರದು. ಬಟ್ಟೆಯೆಂದರೆ ಗೂಡಿಗೆ ಹಾಸುವ ಚಿಂದಿ, ಅಷ್ಟೆ.

ಜೀವಕೋಶದೊಳಗಿನ ಒಂದು ಕಿಣ್ವ ಹೆಚ್ಚಾದರೆ ಮುಪ್ಪು ತಡವಾಗುತ್ತದೆ, ಹೃದಯ ಗಟ್ಟಿಯಾಗುತ್ತದೆ ಎಂದು ತೋರಿಸಲು ಅಲ್ಲಿನ ವಿಜ್ಞಾನಿ ಮೇಡಂ ವರ್ಷಗಟ್ಟಲೆ ಒದ್ದಾಡುತ್ತಿದ್ದರು. ಅದನ್ನು ಹೆಚ್ಚಿಸುವ ಔಷಧಿಯ ಪರೀಕ್ಷೆ ಏಳು ಗೂಡುಗಳ ಒಂದೇ ವಯಸ್ಸಿನ ಮುದಿ ಇಲಿಗಳ ಮೇಲೆ ನಡೆದಿತ್ತು. ಮಧ್ಯಾಹ್ನ ಪ್ರಯೋಗ ಪರಿಶೀಲಿಸುವ ಸಮಿತಿಯವರು ಬಂದು ಒಪ್ಪಿದರೆ, ಹನ್ನೊಂದು ವರ್ಷದಿಂದ ಹಂಗಾಮಿಯಾಗಿದ್ದ ಇಲಿಮಾವನ ಕೆಲಸ ಖಾಯಂ. ಇಂಥ ದಿನವೇ ಅಜ್ಜ ಕೈಕೊಡಬೇಕೇ?

"ತಲೆ ಮೇಲೆ ಕೈ ಹೊತ್ಕೊಂಡ್ರೆ ಎದ್ದು ಬರ್ತಾನಾ?" ಚಹಾ ತಂದ ಕ್ಯಾಂಟೀನಿನ ಅಕ್ಕ ಗದರಿದಳು. "ಮರಿಗಳ ಗೂಡಿಂದ ಒಂದನ್ನ ತಂದು ಹಾಕು. ಇಲಿ ಮುಖ ಯಾರು ಗುರುತಿಡ್ತಾರೆ?"

ಸತ್ತದ್ದನ್ನು ಅವಳೇ ಕಸದ ಗಾಡಿಗೆ ಸಾಗಿಸಿದಳು. ಇಲಿಮಾವ ಎರಡು ತಿಂಗಳ ಕಪ್ಪು ಮರಿಯನ್ನು ಹಿಡಿದು, ಬಾಲಕ್ಕೆ ಅಜ್ಜನಿಗಿದ್ದ ಗುರುತಿನ ನೀಲಿ ಚುಕ್ಕೆ ಇಡಲು ಹೋಗಿ ಹೆಬ್ಬೆರಳು ಕಚ್ಚಿಸಿಕೊಂಡ. "ಮೈ ನರೆತ ಹಾಗೆ ಕಾಣ್ಲಿ" ಎಂದು ಅಕ್ಕ ಒಂದು ಚಿಟಿಕೆ ಹಿಟ್ಟು ಉದುರಿಸಿದಳು. ಮರಿ ಸೀನಿತು, ಇಲಿಮಾವನ ಅಂಗಿಯೊಳಗೆ ನುಗ್ಗಿತು. ಅದನ್ನು ಹೊರತೆಗೆಯುವಷ್ಟರಲ್ಲಿ ಎರಡು ಗುಂಡಿ ಕಿತ್ತುಬಂದವು.

ಸಮಿತಿ ಬಂದಾಗ ಮರಿ ಹಿಟ್ಟು ಹಾರಿಸುತ್ತ ಚಕ್ರ ತಿರುಗಿಸುತ್ತಿತ್ತು.

"ಇದಕ್ಕೆಷ್ಟು ವಯಸ್ಸು?" ಅಧ್ಯಕ್ಷರು ಕೇಳಿದರು.

"ಮನುಷ್ಯರ ಲೆಕ್ಕದಲ್ಲಿ ತೊಂಬತ್ತು ಸಾರ್!" ಇಲಿಮಾವ ಎದೆಯುಬ್ಬಿಸಿದ. "ಎಲ್ಲಾ ಮೇಡಂ ಔಷಧಿ ಮಹಿಮೆ!"

ಯಾವ ಗೂಡಿಗೆ ಔಷಧಿ, ಯಾವುದಕ್ಕೆ ಬರೀ ನೀರು ಎಂಬುದು ಇಲಿಮಾವನಿಗೂ ಗೊತ್ತಿರಲಿಲ್ಲ, ಮೇಡಂಗೂ ಗೊತ್ತಿರಲಿಲ್ಲ. ಬಾಟಲಿಗಳ ಮೇಲೆ ಬರೀ ನಂಬರು. ಗುಟ್ಟು ಅಧ್ಯಕ್ಷರ ಮೊಹರು ಹಾಕಿದ ಲಕೋಟೆಯಲ್ಲಿತ್ತು. ಅವರು ಒಡೆದು ಓದಿದರು.

"ಒಂದರಿಂದ ಆರು, ಔಷಧಿ. ಏಳು, ಬರೀ ನೀರು."

ಮೇಡಂ ಅಲ್ಲೇ ಕುರ್ಚಿಗೆ ಕುಸಿದರು. "ಹಾಗಾದ್ರೆ ಆ ಆರೂ ಬದುಕಿವೆ, ಇದೊಂದು ಸತ್ತಿದ್ರೆ ನಮ್ಮ ಪ್ರಯೋಗ ಗೆದ್ದ ಹಾಗಿತ್ತಲ್ಲ ಸಾರ್!"

ಇಲಿಮಾವ ಬಾಯಿ ತೆರೆದ. ನಿಜ ಹೇಳಿದರೆ ಇರುವ ಕೆಲಸಕ್ಕೂ ಸಂಚಕಾರ. ಹಾಗೇ ಮುಚ್ಚಿದ. ಮೇಡಂ ಮುಖ ನೋಡಲಾರದೆ ಕಚ್ಚಿಸಿಕೊಂಡ ಹೆಬ್ಬೆರಳನ್ನೇ ನೋಡತೊಡಗಿದ.

ಅಧ್ಯಕ್ಷರು ಅವನ ಬೆನ್ನು ತಟ್ಟಿದರು. "ಬೇಜಾರು ಬೇಡಪ್ಪ. ಈ ಮುದುಕ ಸಾಯೋವರೆಗೂ ಕಾಯೋಣ. ಸತ್ತ ಮಾರನೇ ದಿನವೇ ನಿನ್ನ ಖಾಯಂ ಕಾಗದಕ್ಕೆ ಸಹಿ ಹಾಕ್ತೀನಿ. ತೊಂಬತ್ತಾಗಿದೆ, ಇನ್ನೆಷ್ಟು ದಿನ?"

ಎರಡು ತಿಂಗಳ ಮರಿ ಚಕ್ರ ನಿಲ್ಲಿಸಿ ಒಂದು ಗುಟುಕು ನೀರು ಕುಡಿದು, ಮತ್ತೆ ಓಡತೊಡಗಿತು.