ಜೀವಕೋಶದ ಕೈಬಳೆ

ಲ್ಯಾಬಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಜನ ಕೇಳುತ್ತಾರೆ. ನಿಜ, ರಕ್ತ, ಮೂತ್ರ, ಕಫ ಬರುವ ಜಾಗ ಅದು. ಆದರೆ ಅವುಗಳ ಜೊತೆಗೆ ಅವುಗಳ ಮಾಲೀಕರೂ ಬರುತ್ತಾರಲ್ಲ, ಅದಕ್ಕೇ ವಾರಕ್ಕೊಂದಾದರೂ ಪ್ರಸಂಗ ನಡೆದೇ ತೀರುತ್ತದೆ. ನಾನು ನವಲಗುಂದದ ಒಂದು ಸಣ್ಣ ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸ ಮಾಡುವವಳು. ಬರೆಯುವುದು ಇದೇ ಮೊದಲು. ವಿವರ ಹೆಚ್ಚಾದರೆ ಕ್ಷಮಿಸಬೇಕು, ಕಡಿಮೆಯಾದರೆ ತಿಳಿಯಲಿಕ್ಕಿಲ್ಲ ಎಂಬ ಹೆದರಿಕೆ. ಇಲ್ಲಿರುವುದೆಲ್ಲ ಒಬ್ಬರೇ ಚಾಚಿಯ ಸಂಗತಿ. ಮುಚ್ಚಿಡುವಂತಿಲ್ಲ; ಈಗ ಚಾಚಿಯೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ.

೧. ಮೊಳಕಾಲು

ಊರೆಲ್ಲ ಚಿಕ್ಕಮ್ಮ ಎಂಬಂತೆ ಚಾಚಿ ಎಂದು ಕರೆಯುವ ಇವರು ಮೊರಬದವರು. ಸಂತೆಯಲ್ಲಿ ಕೂತು ಬಳೆ ಮಾರುತ್ತಾರೆ. ಎರಡು ವರ್ಷದಿಂದ ಅವರಿಗೆ ಕೂರಲು ಬಿಡದಂಥ ತುರಿಕೆ. ಅದೂ ಹೆಂಗಸರು ಯಾರ ಮುಂದೆಯೂ ಹೆಸರು ಹೇಳದ ಜಾಗದಲ್ಲಿ. ಗಜಕರ್ಣ ಇರಬೇಕೆಂದು ಔಷಧ ಅಂಗಡಿಯ ಮುಲಾಮು ಹಚ್ಚಿ ಹಚ್ಚಿ ಸಾಕಾಗಿ ಕೊನೆಗೆ ನಮ್ಮ ಡಾಕ್ಟರ್ ಬಾಯಾರ, ಅಂದರೆ ಡಾಕ್ಟರಮ್ಮನ ಹತ್ತಿರ ಬಂದರು.

ಬರುವಾಗ ಬಾಜು ಮನೆಯಾಕೆ, ಅಂದರೆ ಪಕ್ಕದ ಮನೆಯವರು, ಬೆನ್ನು ಹತ್ತಿದ್ದರು. "ಯಾಕ ದವಾಖಾನಿ?" ಎಂದು ಕೇಳಿದಾಗ ಚಾಚಿಯ ಬಾಯಿಗೆ ಬಂದದ್ದು "ಮೊಳಕಾಲ." ಅಲ್ಲಿಗೆ ಓಣಿಯೆಲ್ಲ ಸುದ್ದಿಯಾಯಿತು. ಒಬ್ಬರು ಎಳ್ಳೆಣ್ಣೆ ತಂದರು, ಇನ್ನೊಬ್ಬರು ಎಕ್ಕದ ಎಲೆ ಕಟ್ಟಿದರು. ಸುಳ್ಳು ನಿಲ್ಲಬೇಕಲ್ಲ, ಚಾಚಿ ಕುಂಟತೊಡಗಿದರು.

ಎರಡನೇ ಸಲ ಬಂದಾಗ ಬಾಜು ಮನೆಯಾಕೆ ನಮ್ಮ ಬಾಗಿಲಲ್ಲೇ ಹಿಡಿದರು. "ಅಲ್ಲಬೇ, ಹ್ವಾದ ವಾರ ಎಡಗಾಲ ಎಳೀತಿದ್ದಿ, ಇವತ್ತ ಬಲಗಾಲ ಎಳ್ಯಾಕತ್ತೀಯಲ್ಲ?"

ಚಾಚಿ ನಿಂತಲ್ಲೇ ಹೇಳಿದರು: "ಎಡಗಾಲಿಗೆ ಇವತ್ತ ರಜಾ ಐತಿ."

೨. ಮುಡಿಪು

ಡಾಕ್ಟರ್ ಬಾಯಾರು ಆ ಜಾಗದ ಚರ್ಮದಿಂದ ಕಡಲೆಬೇಳೆಯಷ್ಟು ತುಣುಕು ತೆಗೆದರು. ಇಂಥ ತುಣುಕು ಕೆಡದಂತೆ ಔಷಧದ ನೀರಿನಲ್ಲಿ ಹಾಕಿ ಹುಬ್ಬಳ್ಳಿಯ ದೊಡ್ಡ ಲ್ಯಾಬಿಗೆ ಕಳಿಸಬೇಕು. ಒಯ್ಯುವ ಕೆಲಸ ನನ್ನದು. ಬಾಟಲಿಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು, ಬಟ್ಟೆ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕಕ್ಕೆ ಬಂದು ಕೂತವರು ಯಾರು? ಅದೇ ಬಾಜು ಮನೆಯಾಕೆ!

"ಏನ್ರಿ ಅದು, ಇಷ್ಟ ಜ್ವಾಕಿ ಮಾಡಾಕತ್ತೀರಿ?"

ಉಪ್ಪಿನಕಾಯಿ ಅನ್ನೋಣ ಎಂದರೆ ಅವರು ಆಗಲೇ ರೊಟ್ಟಿ ಗಂಟು ಬಿಚ್ಚುತ್ತಿದ್ದರು. ತಿನ್ನುವ ವಸ್ತು ಬೇಡವೆಂದು ಗಾಬರಿಯಲ್ಲಿ "ದೇವರ ಮುಡಿಪ್ರಿ" ಎಂದುಬಿಟ್ಟೆ. ಮುಡಿಪು ಎಂದರೆ ಹರಕೆ ಹೊತ್ತು ಕಟ್ಟಿಟ್ಟದ್ದು. ಯಾರೂ ಬಿಚ್ಚಿ ನೋಡುವುದಿಲ್ಲ.

ಅವರು ತಕ್ಷಣ ಚಪ್ಪಲಿ ಬಿಟ್ಟರು. ಡಬ್ಬಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಕಣ್ಣು ಮುಚ್ಚಿ ಬಹಳ ಹೊತ್ತು ಏನೋ ಬೇಡಿಕೊಂಡು ನನ್ನ ಕಡೆ ತಿರುಗಿದರು.

"ನನಗಂತ ಏನೂ ಬೇಡ್ಕೊಂಡಿಲ್ರಿ. ನಮ್ಮ ಬಾಜು ಮನಿ ಚಾಚಿ ಮೊಳಕಾಲ ಆರಾಮ ಮಾಡಪಾ ಅಂತ ಕೇಳ್ಕೊಂಡೆ."

ಡಬ್ಬಿಯಲ್ಲಿದ್ದದ್ದು ಚಾಚಿಯೇ. ಮೊಳಕಾಲು ಮಾತ್ರ ಇರಲಿಲ್ಲ.

೩. ಬಳೆ

ವರದಿ ಬಂತು. ನಗುವ ವಿಷಯವಲ್ಲ: ಚರ್ಮದ ಒಂದು ಅಪರೂಪದ ಕ್ಯಾನ್ಸರ್. ಇದು ಕೆಲವರಿಗೆ ಮೊಲೆತೊಟ್ಟಿನ ಮೇಲೆ ಬರುತ್ತದೆ, ಇನ್ನೂ ಕೆಲವರಿಗೆ ಚಾಚಿಗೆ ಬಂದ ಜಾಗದಲ್ಲಿ. ಅಲ್ಲಿ ಬಂದದ್ದು ಬಹಳ ಸಲ ಚರ್ಮದಲ್ಲೇ ಹುಟ್ಟಿರುತ್ತದೆ, ಕತ್ತರಿಸಿ ತೆಗೆಯಬಹುದು. ಕೆಲವು ಸಲ ಒಳಗೆ ಕರುಳಿನಲ್ಲೋ ಮೂತ್ರಕೋಶದಲ್ಲೋ ಹುಟ್ಟಿ ಹೊರಗೆ ಬಂದಿರುತ್ತದೆ, ಅದು ಕಷ್ಟ. ಯಾವುದೆಂದು ತಿಳಿಯಲು ಜೀವಕೋಶಗಳ ಪ್ರೋಟೀನ್ ಗುರುತುಗಳನ್ನು ಬಣ್ಣ ಹಾಕಿ ನೋಡುತ್ತಾರೆ.

ಬಾಯಾರು ಇಷ್ಟನ್ನೂ ಹೇಳಿದರು. ಚಾಚಿ ಅರ್ಥವಾಗದೆ ನನ್ನ ಕಡೆ ತಿರುಗಿದರು. ಆಗ ನಾನು ಕೇಳಿದೆ, "ಚಾಚಿ, ಕೈಯಾಗಿನ ಬಳಿ ನೋಡಿ ಯಾವ ಮನಿತನದಾಕಿ ಅಂತ ಹೇಳ್ತೀರಲ್ಲ?"

"ದೂರದಿಂದನ ಹೇಳ್ತೀನಿ."

"ಇದೂ ಹಂಗ ರಿ. ಆ ಕೋಶ ಯಾವ ಬಳಿ ಇಟ್ಕೊಂಡದ ಅಂತ ನೋಡಿ, ಚರ್ಮದ ಮನಿದೋ ಕರುಳಿನ ಮನಿದೋ ಹೇಳ್ತಾರ."

ಚಾಚಿ ಕೇಳಿದರು: "ಮದವಿಗೆ ಹೋಗಾಕ ಮಂದಿ ಬಳಿ ಇಸ್ಕೊಂಡು ಹಾಕ್ಕೊಂಡು ಬರ್ತಾರಲ್ಲ, ಆ ಥರ ಮೋಸ ಮಾಡಿದ್ರ?"

ಬಾಯಾರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಮಾಡ್ತಾವ್ರಿ. ಅದಕ್ಕ ಒಂದ ಗುರುತು ನಂಬಂಗಿಲ್ಲ, ನಾಕೈದು ನೋಡ್ತಾರ. ಚಾಚಿ, ನೀವು ನಮ್ಮ ಮೆಡಿಕಲ್ ಕಾಲೇಜಿಗೆ ಬರಬೇಕಿತ್ತು."

"ಬಂದಿದ್ನಲ್ರಿ," ಎಂದರು ಚಾಚಿ, "ಹಾಸ್ಟೆಲ್ ಹುಡುಗ್ಯಾರಿಗೆ ಬಳಿ ಇಡಾಕ."

ಎದ್ದು ಹೋಗುವಾಗ ಮಾತ್ರ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು: "ಚರ್ಮದ ಬಳಿ ಇರ್ಲಿ ಅಂತ ದುವಾ ಮಾಡವಾ."

೪. ಬಾಜು ಮನೆ

ಫಲಿತಾಂಶದ ದಿನ ನಾನೇ ಹುಬ್ಬಳ್ಳಿಗೆ ಹೋದೆ. ಅಲ್ಲಿನ ದೊಡ್ಡ ಡಾಕ್ಟರು ಇನ್ನೂ ಬಂದಿರಲಿಲ್ಲ. ಚಾಚಿಯ ತುಣುಕಿಗೆ ಬಣ್ಣ ಹಾಕಿದ ಗಾಜಿನ ಪಟ್ಟಿಗಳನ್ನು ಸೂಕ್ಷ್ಮದರ್ಶಕದ ಬಾಜು ಇಟ್ಟಿದ್ದರು. ಗುರುತು ಇದ್ದರೆ ಕಂದು ಬಣ್ಣ, ಇಲ್ಲದಿದ್ದರೆ ತಿಳಿನೀಲಿ ಎಂಬುದಷ್ಟು ನನಗೆ ಗೊತ್ತಿತ್ತು. ತಡೆಯಲಾಗದೆ ಕರುಳಿನ ಗುರುತಿನ ಪಟ್ಟಿಯನ್ನೇ ಇಟ್ಟು ಇಣುಕಿದೆ. ನಾನು ಇಣುಕಬಾರದಿತ್ತು.

ಕಂದು. ಒಳ್ಳೆ ಚಹಾ ಚೆಲ್ಲಿದಂಥ ಕಂದು.

ಡಾಕ್ಟರು ಬಂದಾಗ ನಾನು ಸ್ಟೂಲಿನ ಮೇಲೆ ಕೂತು ಅಳುತ್ತಿದ್ದೆ. ಅವರು ಇಣುಕಿ ನೋಡಿ, ಪಟ್ಟಿಯನ್ನು ಒಂದಿಷ್ಟು ಸರಿಸಿದರು. "ಈಗ ನೋಡ್ರಿ."

ತಿಳಿನೀಲಿ. ಕಂದಿನ ಚುಕ್ಕೆಯೂ ಇಲ್ಲ.

"ನೀವು ನೋಡಿದ್ದು ಬ್ಯಾರೆ ಯಾರದೋ ಕರುಳಿನ ತುಣುಕು. ಬಣ್ಣ ಸರಿಯಾಗಿ ಹಿಡಿದದೋ ಇಲ್ಲೋ ತಿಳೀಲಿ ಅಂತ ಪಟ್ಟಿ ತುದಿಗೆ ನಾವ ಇಟ್ಟಿರ್ತೀವಿ. ನಿಮ್ಮ ಚಾಚಿದು ಇದು."

ಚರ್ಮದ ಗುರುತುಗಳೆಲ್ಲ ಕಂದು, ಕರುಳಿನದು ಖಾಲಿ. ಆಮೇಲೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗಲೂ ಒಳಗೆ ಏನೂ ಸಿಗಲಿಲ್ಲ. ಬಾಯಾರು "ಕೊಯ್ದು ತೆಗೆದ್ರ ಆತು, ಮುಂದ ತಪ್ಪದ ತೋರಿಸ್ಕೊಂತ ಇರ್ರಿ" ಎಂದ ದಿನ, ನಾನು ಅತ್ತದ್ದನ್ನೂ ಚಾಚಿಗೆ ಹೇಳಿದೆ.

"ಅಂದ್ರ ನನ್ನ ತುಣುಕಿನ ಬಾಜೂಕ ಇನ್ನೊಬ್ಬಾಕಿದು ಇತ್ತು?"

"ಹೌದ್ರಿ."

"ಯಾ ಅಲ್ಲಾ! ಅಲ್ಲೂ ಬಾಜು ಮನಿಯಾಕಿ!"

ಚಾಚಿ ನಗುತ್ತ ನಗುತ್ತ ಅತ್ತುಬಿಟ್ಟರು. ಬಾಯಾರೂ ನಗುತ್ತಿದ್ದರು. ಸಪ್ಪಳ ಕೇಳಿ ಹೊರಗಿನ ಬೆಂಚಿನಿಂದ ನಿಜವಾದ ಬಾಜು ಮನೆಯಾಕೆ ಎಣ್ಣೆ ಬಾಟಲಿ ಹಿಡಿದು ಓಡಿಬಂದರು.

"ಏನಾತಬೇ?"

ಚಾಚಿ ಕಣ್ಣೊರೆಸಿಕೊಂಡರು. "ಆರಾಮ ಆಗ್ತೈತಂತ."

ಬಾಜು ಮನೆಯಾಕೆ ಚಾಚಿಯನ್ನು ಬಿಗಿಯಾಗಿ ತಬ್ಬಿಕೊಂಡರು. ಆಮೇಲೆ ನನ್ನ ಹತ್ತಿರ ಬಂದು, ಗುಟ್ಟು ಹೇಳುವಂತೆ ದನಿ ತಗ್ಗಿಸಿದರು:

"ಅಗದಿ ಜಾಗೃತ ಮುಡಿಪ್ರಿ ಅದು. ಇನ್ನೊಮ್ಮೆ ಹುಬ್ಬಳ್ಳಿಗೆ ಒಯ್ಯೂದಿದ್ರ ಹೇಳ್ರಿ, ನನಗೂ ಸೊಂಟ ಹಿಡದೈತಿ."