ಕಣ್ಣು ಮಿಟುಕಿಸುವ ಲೋಟ

ಆಸ್ಪತ್ರೆಯ ಕ್ಯಾಂಟೀನಿನ ಬಾಗಿಲಲ್ಲಿ ಆ ದಿನ ಬೆಳಿಗ್ಗೆ ಆಳೆತ್ತರದ ಒಂದು ಯಂತ್ರ ಬಂದು ನಿಂತಿತ್ತು. ಅದರ ಗಾಜಿನ ಪರದೆಯಲ್ಲಿ ಕೈಕಾಲು ಮೂಡಿದ ಒಂದು ಟೀ ಲೋಟ ಕುಣಿಯುತ್ತಿತ್ತು. ಎದುರಿಗೆ ಯಾರಾದರೂ ಸುಳಿದರೆ ಸಾಕು, ಕಣ್ಣು ಮಿಟುಕಿಸಿ, ಸೊಂಟ ಬಳುಕಿಸಿ, 'ಏನು ಬೇಕೋ ಮುಟ್ಟಿ' ಎಂಬ ಫಲಕವನ್ನು ತಲೆಯ ಮೇಲೆ ಎತ್ತಿ ಹಿಡಿಯುತ್ತಿತ್ತು. ಬೇಕಾದ್ದನ್ನು ಬೆರಳಿನಿಂದ ಮುಟ್ಟಿ ದುಡ್ಡು ಹಾಕಿದರೆ ಒಂದು ಚೀಟಿ ಗಿರಾಕಿಯ ಕೈಗೆ, ಇನ್ನೊಂದು ಅಡುಗೆಮನೆಗೆ. ನಡುವೆ ಮನುಷ್ಯನ ಅಗತ್ಯವೇ ಇಲ್ಲ.

ಆ ನಡುವಿನ ಮನುಷ್ಯ ಹತ್ತೊಂಬತ್ತು ವರ್ಷದಿಂದ ಅಲ್ಲೇ ಒಂದು ಮೇಜು ಹಾಕಿಕೊಂಡು ಆರ್ಡರ್ ಬರೆಯುತ್ತಿದ್ದ. ಎಲ್ಲರ ಬಾಯಲ್ಲೂ ಅವನು ವಿಚಾರಣೆ ಅಣ್ಣ. ರೋಗಿಯ ಯೋಗಕ್ಷೇಮ ವಿಚಾರಿಸದೆ ಅವನು ಒಂದು ಟೀಯನ್ನೂ ಬರೆದವನಲ್ಲ. "ಅಮ್ಮನಿಗೆ ಜ್ವರ ಇಳೀತಾ?" ಎಂದು ಶುರುಮಾಡಿದರೆ, ಹೊಲಿಗೆ ಬಿಚ್ಚಿದ್ದು, ರಾತ್ರಿ ಕೆಮ್ಮಿದ್ದು, ಡಾಕ್ಟರು ಮುಖ ಸಿಂಡರಿಸಿದ್ದು ಎಲ್ಲ ಮುಗಿದ ಮೇಲೆಯೇ "ಸಕ್ಕರೆ ಎಷ್ಟು?" ಎಂಬಲ್ಲಿಗೆ ಬರುತ್ತಿದ್ದ. ಸಾಲಿನಲ್ಲಿ ಹಿಂದೆ ನಿಂತವರಿಗೂ ಮುಂದಿನವರ ಮೂತ್ರಕೋಶದ ಸ್ಥಿತಿಗತಿ ಪೂರ್ತಿ ತಿಳಿಯುತ್ತಿತ್ತು.

"ನೋಡಿ, ನಾನೇನು ಕಟುಕ ಅಲ್ಲ," ಎಂದರು ಮಾಲೀಕರು, ಯಂತ್ರದ ಬೆನ್ನು ಸವರುತ್ತಾ. "ಇವತ್ತೊಂದು ದಿನ ನೋಡೋಣ. ಸಂಜೆ ಆರಕ್ಕೆ ನಿಮ್ಮ ಚೀಟಿ, ಇದರ ಚೀಟಿ ಎರಡನ್ನೂ ನಾನೇ ಎಣಿಸ್ತೀನಿ. ಇದರದ್ದು ಒಂದೇ ಒಂದು ಜಾಸ್ತಿ ಇದ್ರೂ ನಾಳೆಯಿಂದ ನೀವು ಮನೇಲಿ ಆರಾಮಾಗಿರಿ. ಸಮ ಬಂದ್ರೆ ಯಂತ್ರ ವಾಪಸ್ಸು ಕಳಿಸ್ತೀನಿ. ಹತ್ತೊಂಬತ್ತು ವರ್ಷದ ಋಣ ನನಗೂ ಇದೆಯಲ್ಲ."

ಆರಾಮಾಗಿರಲು ಅವನ ಮನೆಯಲ್ಲಿ ಜಾಗವೂ ಇರಲಿಲ್ಲ, ಅವನ ಹೆಂಡತಿಗೆ ಅಷ್ಟು ತಾಳ್ಮೆಯೂ ಇರಲಿಲ್ಲ. ಐವತ್ತಾರನೇ ವಯಸ್ಸಿನಲ್ಲಿ ಇನ್ನೆಲ್ಲಿಗೆ ಹೋಗಿ ಯಾರ ಟೀ ಬರೆಯುವುದು? ಅವನು ಪೆನ್ಸಿಲ್ ಚೂಪು ಮಾಡಿಕೊಂಡು ಕೂತ.

ವಿಷಯ ತಿಳಿದದ್ದೇ ತಡ, ಉಪಕಾರ ಮಾಡುವವರು ಟೊಂಕ ಕಟ್ಟಿ ನಿಂತರು. ನೆಲ ಒರೆಸುವ ಅಕ್ಕ ಯಂತ್ರದ ಮುಂದೆ ಒಂದು ಬಕೆಟ್ ನೀರು ಚೆಲ್ಲಿ, ಸುತ್ತಲೂ ನಾಲ್ಕು ಕುರ್ಚಿ ಇಟ್ಟು, "ಅಣ್ಣ, ಇನ್ನು ಯಾರು ಬರ್ತಾರೋ ನೋಡೇ ಬಿಡ್ತೀನಿ" ಎಂದಳು. ಕುರ್ಚಿಗಳ ಒಳಗೆ ಏನೋ ಬೆಲೆಬಾಳುವುದಿದೆ ಎಂದುಕೊಂಡ ಜನ ಹೊರರೋಗಿಗಳ ಸಾಲನ್ನೇ ಬಿಟ್ಟು ನೋಡಲು ಬಂದರು. ಬಂದವರೆಲ್ಲ ಒಂದೊಂದು ಟೀ ಮುಟ್ಟಿ ಹೋದರು.

ಪಕ್ಕದ ಔಷಧಿ ಅಂಗಡಿಯವ ಗಿರಾಕಿಯ ವೇಷದಲ್ಲಿ ಹೋಗಿ, ಬ್ರೆಡ್ಡು ಮುಟ್ಟಿ, ಎಲ್ಲರಿಗೂ ಕೇಳುವಂತೆ "ಥೂ, ಇದು ಸರಿಯಿಲ್ಲ, ನಂಗೆ ಬೇಡ" ಎಂದು 'ರದ್ದು' ಗುಂಡಿ ಒತ್ತಿದ. ಲೋಟ ಕುಣಿತ ನಿಲ್ಲಿಸಿತು. ಅದರ ತುಟಿ ನಡುಗಿತು. ಎರಡು ದಪ್ಪ ಹನಿ ಕಣ್ಣೀರು ಕೆನ್ನೆಯ ಮೇಲೆ ಉರುಳಿ, 'ನಿಜವಾಗಲೂ ಬೇಡವೇ?' ಎಂಬ ಅಕ್ಷರಗಳಾದವು. ಹಿಂದಿದ್ದ ಒಂದು ಮಗು ಗೊಳೋ ಎಂದು ಅತ್ತಿತು. ಒಬ್ಬ ಅಜ್ಜಿ, "ಪಾಪ, ಯಾಕಪ್ಪ ಅದನ್ನ ಅಳಿಸ್ತೀಯ?" ಎಂದು ಗದರಿಸಿದಳು. ಔಷಧಿ ಅಂಗಡಿಯವ ಬ್ರೆಡ್ಡಿನ ಜೊತೆ ಎರಡು ಮೊಟ್ಟೆಯನ್ನೂ ಕೊಂಡು ತಲೆ ತಗ್ಗಿಸಿಕೊಂಡು ಬಂದ.

"ಏನ್ಮಾಡ್ಲಿ, ನೋಡೋಕಾಗ್ಲಿಲ್ಲ," ಎಂದ.

ಹತ್ತೊಂಬತ್ತು ವರ್ಷ ದುಡಿದವನು ಹೋಗುತ್ತಾನೆಂದರೆ ಅಲ್ಲಿ ಯಾರ ಕಣ್ಣೂ ಒದ್ದೆಯಾಗಿರಲಿಲ್ಲ. ವಿಚಾರಣೆ ಅಣ್ಣ ಅದನ್ನು ಗಮನಿಸಿದ. ಆದರೂ ಎದೆಗುಂದಲಿಲ್ಲ. ಲೋಟಕ್ಕೆ ಕುಣಿಯಲು ಬರುತ್ತದೆ, ವಿಚಾರಿಸಲು ಬರುತ್ತದೆಯೇ? ಅವನು ವಿಚಾರಣೆಯನ್ನು ಇಮ್ಮಡಿ ಮಾಡಿದ. ಮೂಲವ್ಯಾಧಿಯ ಆಪರೇಷನ್ ಆದವನನ್ನು "ಕೂರೋಕೆ ಆಗ್ತಿದೆಯಾ?" ಎಂದು ಹತ್ತು ಜನರ ಮುಂದೆ ಕೇಳಿದ. ಆತ ಕೆಂಪಗಾಗಿ ನಡೆದವನು ನೇರ ಯಂತ್ರದ ಮುಂದೆ ನಿಂತ.

ಹನ್ನೊಂದೂವರೆಗೆ ಮೇಲಿನ ವಾರ್ಡಿನ ಹುಡುಗಿ ಬಂದಳು. ಹನ್ನೆರಡು ದಿನದಿಂದ ಅವಳದ್ದು ಒಂದೇ ಆರ್ಡರ್, ತನಗೊಂದು ಕಾಫಿ, ಅಪ್ಪನಿಗೊಂದು ಹಾಲು. ಅವಳ ಅಪ್ಪನ ರಕ್ತದೊತ್ತಡ ಅವನಿಗೆ ತನ್ನ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿತ್ತು. ಅವಳನ್ನು ಕಂಡದ್ದೇ ಅವನು ಪೆನ್ಸಿಲ್ ಎತ್ತಿದ. ಅವಳು ಅವನತ್ತ ನೋಡಿ, ಮುಖ ತಿರುಗಿಸಿ, ಯಂತ್ರದ ಬಳಿ ಹೋದಳು.

ಇದನ್ನು ಮಾತ್ರ ಅವನಿಂದ ತಡೆಯಲಾಗಲಿಲ್ಲ. ಮೇಜು ಬಿಟ್ಟು ಎದ್ದು ಹೋದ.

"ನಾನೇನು ತಪ್ಪು ಮಾಡಿದೆ, ಮಗಳೇ? ದಿನಾ ನನ್ನ ಹತ್ರಾನೇ ಬರ್ತಿದ್ದೆಯಲ್ಲ?"

"ತಪ್ಪೇನಿಲ್ಲ ಅಂಕಲ್," ಎಂದಳು ಅವಳು ನೆಲ ನೋಡುತ್ತಾ. "ಇದು ಏನೂ ಕೇಳಲ್ಲ. ಅದಕ್ಕೇ."

ಅವಳ ಚೀಟಿಯಲ್ಲಿ ಒಂದು ಕಾಫಿ ಮಾತ್ರ ಇತ್ತು. ಹಾಲು ಇರಲಿಲ್ಲ. ಅವನು ಅದನ್ನು ಎರಡು ಸಲ ಓದಿದ. ಬಾಯಿಗೆ ಬಂದ ಪ್ರಶ್ನೆಯನ್ನು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನುಂಗಿಕೊಂಡು, ಅಡುಗೆಮನೆಯ ಕಿಟಕಿಗೆ ಹೋಗಿ ಅವಳ ಕಾಫಿ ತಂದುಕೊಟ್ಟ. ಅವಳು ಗೋಡೆಯ ಕಡೆ ಮುಖ ಮಾಡಿ ಕೂತು ಕುಡಿದಳು. ಹಿಂದೆ ಯಂತ್ರದಲ್ಲಿ ಲೋಟ ಕುಣಿಯುತ್ತಲೇ ಇತ್ತು.

ಮೇಜಿಗೆ ವಾಪಸ್ಸಾದವನು ಆಮೇಲೆ ಯಾರನ್ನೂ ಏನೂ ಕೇಳಲಿಲ್ಲ. "ಏನು ಬೇಕು? ಎಷ್ಟು?" ಅಷ್ಟೇ. ಬರೆದ, ಹರಿದ, ಕೊಟ್ಟ. ಇಷ್ಟು ವರ್ಷ ಎಷ್ಟು ಜನ ತನ್ನ ಪ್ರಶ್ನೆಗೆ ಹೆದರಿ ಟೀ ಕುಡಿಯದೆ ಹೋಗಿರಬಹುದೆಂಬ ಯೋಚನೆ ಅವನನ್ನು ಕೊರೆಯುತ್ತಿತ್ತು. ಆದರೆ ಸಾಲು ಮಾತ್ರ ಸರಸರ ಸರಿಯತೊಡಗಿತು. ಯಂತ್ರದ ಮುಂದೆ ಬೆರಳು ಎತ್ತಿಕೊಂಡು ಯೋಚಿಸುತ್ತಿದ್ದವರು ಸಹ ಇತ್ತ ಬಂದರು. ಮಧ್ಯಾಹ್ನದ ಹೊತ್ತಿಗೆ ಅವನ ಒಂದು ಚೀಟಿ ಪುಸ್ತಕವೇ ಖಾಲಿಯಾಯಿತು.

ಈಗ ವಿಚಾರಿಸುವ ಸರದಿ ಉಳಿದವರದ್ದಾಯಿತು. "ಅಣ್ಣ, ಎಷ್ಟಾಯ್ತು?" ಎಂದು ಒರೆಸುವ ಅಕ್ಕ ಐದು ನಿಮಿಷಕ್ಕೊಮ್ಮೆ ಬಂದಳು. ಔಷಧಿ ಅಂಗಡಿಯವ ಅಂಗಡಿ ಬಿಟ್ಟು ಬಂದು, "ಕೆಲಸ ಹೋದ್ರೆ ಮುಂದೇನು ಯೋಚನೆ ಮಾಡಿದ್ದೀರಿ?" ಎಂದ. ಅಡುಗೆಮನೆಯಿಂದ ದೊಡ್ಡಪ್ಪ ಎಂದೇ ಹೆಸರಾದ ಮುದಿ ಅಡುಗೆಯವನು ಸೌಟು ಹಿಡಿದೇ ಇಣುಕಿ, "ಮನೇಲಿ ಹೇಳಿದ್ದೀಯೇನೋ? ಹೆಂಡತಿ ಏನಂದ್ಲು?" ಎಂದು ಕೂಗಿದ. ಗಿರಾಕಿಗಳೆಲ್ಲ ತಿರುಗಿ ನೋಡಿದರು. ಮೂಲವ್ಯಾಧಿಯವನಿಗೆ ಬೆಳಿಗ್ಗೆ ಹೇಗಾಗಿರಬಹುದೆಂದು ವಿಚಾರಣೆ ಅಣ್ಣನಿಗೆ ಆಗ ಗೊತ್ತಾಯಿತು.

ಆರಕ್ಕೆ ಹತ್ತು ನಿಮಿಷ ಇರುವಾಗ ಮಾಲೀಕರು ಬಂದು, "ಇನ್ನು ಸಾಕು, ಕೊಡಿ" ಎಂದು ಅವನ ಚೀಟಿಗಳನ್ನು ಎಣಿಸಲು ಒಯ್ದರು. ಅವನಿಗೆ ಗಂಟಲು ಒಣಗಿತ್ತು. ಬೆಳಿಗ್ಗೆಯಿಂದ ಒಂದು ಗುಟುಕು ಟೀ ಕುಡಿದಿರಲಿಲ್ಲ. ಅಡುಗೆಮನೆಗೆ ಹೋದರೆ ದೊಡ್ಡಪ್ಪ ಲೋಟದ ಜೊತೆ ನೂರು ಪ್ರಶ್ನೆ ಕೊಡುತ್ತಾನೆ. ದಾರಿಯಲ್ಲಿ ಅಕ್ಕ ಪೊರಕೆ ಹಿಡಿದು ಕಾಯುತ್ತಿದ್ದಾಳೆ. ಈ ಗಳಿಗೆಯಲ್ಲಿ ಯಾರಾದರೂ ಒಬ್ಬರು "ಏನಣ್ಣಾ?" ಎಂದರೂ ತಾನು ಅತ್ತುಬಿಡುತ್ತೇನೆಂದು ಅವನಿಗೆ ಖಾತ್ರಿಯಿತ್ತು.

ಅವನು ಮೆಲ್ಲಗೆ ಯಂತ್ರದ ಮುಂದೆ ಹೋಗಿ ನಿಂತ. ಲೋಟ ಕಣ್ಣು ಮಿಟುಕಿಸಿತು. ಅದು ಏನೂ ಕೇಳಲಿಲ್ಲ. ಅವನು ಟೀ ಮುಟ್ಟಿದ, ಜೇಬಿನ ಚಿಲ್ಲರೆ ಹಾಕಿದ, ದೊಡ್ಡಪ್ಪ ಒಲೆಯತ್ತ ತಿರುಗಿದಾಗ ಕಿಟಕಿಗೆ ಬಂದ ಟೀ ಎತ್ತಿಕೊಂಡು ಕಂಬದ ಮರೆಗೆ ಹೋಗಿ ಕುಡಿದ. ಇಡೀ ದಿನದಲ್ಲಿ ಅದೊಂದೇ ನೆಮ್ಮದಿ.

ಆರಕ್ಕೆ ಎಲ್ಲರೂ ಮೇಜಿನ ಸುತ್ತ ಸೇರಿದರು. ಮಾಲೀಕರು ಎಣಿಸಿದರು, ನಂಬಲಾರದೆ ಇನ್ನೊಮ್ಮೆ ಎಣಿಸಿದರು.

"ಭಲೇ! ನಿಮ್ಮದು ನೂರಾ ಎಂಬತ್ತಮೂರು," ಎಂದರು. "ಇದರದ್ದು... ನೂರಾ ಎಂಬತ್ತನಾಲ್ಕು. ಛೇ! ಆಡಿದ ಮಾತು ಆಡಿದ್ದೇ, ನನ್ನ ಕೈಲಿ ಏನೂ ಇಲ್ಲ." ಕೊನೆಯ ಚೀಟಿಯನ್ನು ಬೆಳಕಿಗೆ ಹಿಡಿದರು. "ಒಂದು ಟೀ. ಐದು ಐವತ್ತೈದಕ್ಕೆ."

ಹತ್ತೊಂಬತ್ತು ವರ್ಷದಲ್ಲಿ ಅವನು ಕುಡಿದ ಟೀಗೆ ಯಾರೂ ಚೀಟಿ ಬರೆದಿರಲಿಲ್ಲ. ತಾನು ಕುಡಿಯುವುದೂ ಒಂದು ಆರ್ಡರ್ ಎಂದು ಅವನಿಗೆ ಹೊಳೆದಿರಲೇ ಇಲ್ಲ. ಅವನು ಖಾಲಿ ಲೋಟವನ್ನು ಬೆನ್ನ ಹಿಂದೆ ಹಿಡಿದುಕೊಂಡ.

ದೊಡ್ಡಪ್ಪ ಸೌಟನ್ನು ಮೇಜಿಗೆ ಕುಟ್ಟಿದ. "ಐದು ನಿಮಿಷ ತಡ್ಕೊಳ್ಳೋಕೆ ಆಗ್ಲಿಲ್ವೇ ಆ ದರಿದ್ರದವನಿಗೆ! ಯಾರೋ ಅವನು? ನೀನು ಇಲ್ಲೇ ಇದ್ದೆಯಲ್ಲ, ನೋಡ್ಲಿಲ್ವಾ?"

"ನೋಡಿದೆ," ಎಂದ ವಿಚಾರಣೆ ಅಣ್ಣ.

"ಯಾರು?"

"ಗೊತ್ತಿಲ್ಲ ದೊಡ್ಡಪ್ಪ. ಪಾಪ, ಏನೋ ಕಷ್ಟದಲ್ಲಿದ್ದ ಹಾಗಿತ್ತು. ನಾನೇನೂ ಕೇಳ್ಲಿಲ್ಲ."